ಹಲ್ಲಿಗೆ ಹಾಕಿದ ಹೆಪ್ಪು

ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟಿಟ್ಟರೆ ಬೆಳಗಾಗುವುದರೊಳಗೆ ಪಾತ್ರೆ ತುಂಬ ಗಟ್ಟಿ ಮೊಸರು. ಹಾಗೆಯೇ ಸವೆದ ಹಲ್ಲಿಗೆ ಒಂದು ಹನಿ ಬಿಟ್ಟರೆ ಸವೆದದ್ದೆಲ್ಲ ತಾನೇ ಕಟ್ಟಿಕೊಳ್ಳುವಂತಿದ್ದರೆ? ಹುಬ್ಬಳ್ಳಿಯ ದಂತ ಸಂಶೋಧನಾಲಯವೊಂದರಲ್ಲಿ ಡಾ. ಹುಲಿಗೆಮ್ಮ ಭಜಂತ್ರಿ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಡುವಯಸ್ಸನ್ನೆಲ್ಲ ಕಳೆದಿದ್ದಳು. ಕಡೆಗೆ ಅದು ಕೈಗೂಡಿದಾಗ ಕಾಗದಪತ್ರಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರು ಬಿದ್ದಿತು. ಪ್ರಯೋಗಾಲಯದಲ್ಲಿ ಮಾತ್ರ ಎಲ್ಲರೂ ಅದನ್ನು 'ಹೆಪ್ಪು' ಎಂದೇ ಕರೆದರು.

ಹೆಪ್ಪಿನಲ್ಲಿದ್ದವು ಕಣ್ಣಿಗೆ ಕಾಣದ ಜೀವಿಗಳು. ಹಲ್ಲಿನ ಮೇಲಿನ ಬಿಳಿ ಕವಚವನ್ನು, ಅಂದರೆ ಎನಾಮಲ್ಲನ್ನು, ನಮ್ಮ ದೇಹ ಕಟ್ಟುವುದು ಒಂದೇ ಸಲ. ಹಲ್ಲು ಒಸಡು ಸೀಳಿ ಹೊರಬಂದ ಮೇಲೆ ಕಟ್ಟುವ ಕೋಶಗಳೇ ಉಳಿಯುವುದಿಲ್ಲ. ಅಲ್ಲಿಂದಾಚೆಗೆ ಬರೀ ಸವೆತ. ಹುಲಿಗೆಮ್ಮ ಸಾಕಿದ ಜೀವಿಗಳು, ಮನುಷ್ಯ ಮಲಗಿದಾಗ, ಎಂಜಲಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ಹಲ್ಲಿನ ಮೇಲೆ ಪದರಪದರವಾಗಿ ಹೊಸ ಎನಾಮಲ್ ಕಟ್ಟುತ್ತಿದ್ದವು. ಎಷ್ಟು ಎತ್ತರ ಕಟ್ಟಬೇಕು ಎನ್ನುವುದನ್ನು ಹಲ್ಲೇ ಹೇಳುತ್ತಿತ್ತು. ಮರದೊಳಗಿನ ಉಂಗುರಗಳ ಹಾಗೆ ಹಲ್ಲಿನೊಳಗೂ ಬೆಳವಣಿಗೆಯ ಗೆರೆಗಳಿರುತ್ತವೆ. ಅವುಗಳ ಬಾಗು ಹಿಡಿದು ಹೋದರೆ ತುದಿ ಒಂದು ಕಾಲಕ್ಕೆ ಎಲ್ಲಿತ್ತೆಂದು ತಿಳಿಯುತ್ತದೆ. ಜೀವಿಗಳು ಅಲ್ಲಿಗೆ ಮುಟ್ಟಿ ನಿಲ್ಲುತ್ತಿದ್ದವು. ಮತ್ತೆ ಸವೆದರೆ ಮತ್ತೆ ಕಟ್ಟುತ್ತಿದ್ದವು. ಒಂದು ಸಲ ಹಾಕಿಸಿಕೊಂಡರೆ ಅವರವರ ಹದಿನೆಂಟರ ಹಲ್ಲು ಸಾಯುವತನಕ.

ಮನುಷ್ಯರ ಮೇಲೆ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕ ವಾರ ಅವಳ ಸಹಾಯಕ ವಿಜ್ಞಾನಿ ಇಮ್ತಿಯಾಜ್ ನದಾಫ್ ಒಂದು ಮಾತು ಎತ್ತಿದ. ಪರದೆಯ ಮೇಲೆ ವಯಸ್ಸಾದವರೊಬ್ಬರ ದವಡೆಯ ಚಿತ್ರ ಇತ್ತು.

"ಮೇಡಂ, ಹಲ್ಲು ನಿಧಾನಕ್ಕ ಸವೆದ್ರ ದೇಹ ಸುಮ್ನ ಕೂಡಂಗಿಲ್ರಿ. ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ಕೂಡೂದು ತಪ್ಪಬಾರ್ದು ಅಂತ ಎಲುಬಿನ ಸಮೇತ ಹಲ್ಲನ್ನ ಎಬ್ಬಿಸಿ ತರತೈತಿ. ನೋಡಾಕ ಹಲ್ಲು ಗಿಡ್ಡ, ಆದ್ರ ಕಚ್ಚಿದಾಗಿನ ಎತ್ತರ ಇದ್ದಷ್ಟ ಇರತೈತಿ. ಈಗ ನಾವು ಅದರ ಮ್ಯಾಲ ಮತ್ತ ಹಳೀ ಎತ್ತರ ಕಟ್ಟಿದ್ರ ಬಾಯಿ ಎತ್ತರನ ಹೆಚ್ಚಾಗತೈತಲ್ರಿ?"

"ಒಂದೆರಡು ಮಿಲಿಮೀಟರ್ ಹೆಚ್ಚಾಗತೈತಿ," ಎಂದಳು ಹುಲಿಗೆಮ್ಮ. "ಸವೆದ ಹಲ್ಲಿಗೆ ಕ್ರೌನ್ ಅಂತ ಟೊಪ್ಪಿಗಿ ಹಾಕೂ ಮುಂದ ನಾವ ಬೇಕಂತ ಹೆಚ್ಚಸೂದಿಲ್ಲೇನು? ಒಂದೆರಡು ತಿಂಗಳಿನ್ಯಾಗ ದವಡಿ ಹೊಂದ್ಕೋತೈತಿ."

"ಎಲ್ಲಾರ್ದೂ ಹೊಂದ್ಕೋತೈತೇನ್ರಿ?"

"ಬಹಳ ಮಂದೀದು ಹೊಂದ್ಕೋತೈತಿ."

"ಹೊಂದದಿದ್ರ ಕ್ರೌನ್ ತೆಗೀಬೌದ್ರಿ. ಇದನ್ನ ತೆಗ್ಯಾಕ ಬರೂದಿಲ್ಲ. ಮೊದಲನೇ ಪ್ರಯೋಗದಾಗರ ಹಳೇ ಸವೆತ ಇದ್ದವರನ್ನ ಬಿಡೂಣಂತೀನಿ."

"ಅಂಥವರಿಗೇ ಅಲ್ಲೇನು ನದಾಫ್ ಇದು ಬೇಕಾಗಿದ್ದು?" ಎಂದು ಅವಳು ಪರದೆ ಆರಿಸಿದಳು. ಹಾಗೆನ್ನುವಾಗ ಅವಳ ಕಣ್ಣ ಮುಂದೆ ಇದ್ದದ್ದು ಒಂದೇ ಬಾಯಿ. ಅದು ಅವಳ ತಮ್ಮ ಯಮನೂರಪ್ಪನದು.

ಯಮನೂರಪ್ಪ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿದ್ದ. ಅಪ್ಪ ಕಟ್ಟಿದ ಭಜಂತ್ರಿ ಬ್ಯಾಂಡಿಗೆ ಈಗ ಅವನೇ ಮುಂದಾಳು. ಮದುವೆಯ ಮೆರವಣಿಗೆಯಲ್ಲಿ ಕೆಂಪು ಕೋಟು ತೊಟ್ಟು, ಎಲ್ಲರಿಗಿಂತ ಮುಂದೆ ನಿಂತು ಕ್ಲಾರಿನೆಟ್ ನುಡಿಸುತ್ತಿದ್ದ. ಗದಗಿನ ಸುತ್ತ ಅವನ ಕ್ಲಾರಿನೆಟ್ ಇಲ್ಲದೆ ಮದುಮಗ ಕುದುರೆ ಹತ್ತುವುದಿಲ್ಲ ಎಂದು ಜನ ಹೇಳುತ್ತಿದ್ದುದನ್ನು ಹುಲಿಗೆಮ್ಮ ಕೇಳಿದ್ದಳು. ಕ್ಲಾರಿನೆಟ್ಟನ್ನು ಕೇಳಿರಲಿಲ್ಲ. ದಂತ ಕಾಲೇಜಿನಲ್ಲಿ ಓದುತ್ತಿದ್ದಾಗ ಒಮ್ಮೆ ಹಾಸ್ಟೆಲಿನ ಕೆಳಗೇ ಅವರ ಬ್ಯಾಂಡು ಹಾದಿತ್ತು. ಗೆಳತಿಯರೆಲ್ಲ ಕಿಟಕಿಗೆ ಓಡಿದರೆ ಅವಳು ಸೋಪು ಟವೆಲ್ಲು ಹಿಡಿದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಿದ್ದಳು.

ಆ ಭಾನುವಾರ ಅವಳು ಬೆಟಗೇರಿಗೆ ಹೋದಾಗ ಊಟದ ಹೊತ್ತು. ತಮ್ಮನ ಹೆಂಡತಿ ನೀಲವ್ವ ಒಣಗಿದ ಖಟಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಸಾರು ಬಡಿಸಿದ್ದಳು. ಯಮನೂರಪ್ಪ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ ಕಾಯುತ್ತಿದ್ದ. ತಣ್ಣೀರು ಕುಡಿಯುವಾಗ ಮುಖ ಹಿಂಡಿದ.

"ಬಾಯಿ ತೆಗಿ ನೋಡೂಣು," ಎಂದಳು ಹುಲಿಗೆಮ್ಮ.

"ಉಣ್ಣೂ ಮುಂದ ಎಂಥಾದ ಅಕ್ಕಾ ನಿಂದು," ಎಂದು ನಕ್ಕರೂ ಬಾಯಿ ತೆರೆದ.

ಮೊಬೈಲ್ ಬೆಳಕಿನಲ್ಲಿ ಅವಳು ನೋಡಿದಳು. ಸಣ್ಣಂದಿನಿಂದ ಇದ್ದಿಲಲ್ಲಿ ತಿಕ್ಕಿದ, ಕಲ್ಲಿನಲ್ಲಿ ಬೀಸಿದ ಹಿಟ್ಟು ಜಗಿದ ದವಡೆಹಲ್ಲುಗಳು ಸಪಾಟಾಗಿದ್ದವು. ಮುಂದಿನ ಮೇಲಿನ ಎರಡು ಹಲ್ಲುಗಳ ತುದಿಯಲ್ಲಿ, ಕ್ಲಾರಿನೆಟ್ಟಿನ ಮೌತ್‌ಪೀಸ್ ತಾಗುವ ಕಡೆ, ಅರ್ಧಚಂದ್ರದಂಥ ಗುಂಡಿ.

"ಈ ಗುಂಡಿ ನೋಡು, ಹೆಂಗ ತಿಂದು ಬಿಟ್ಟೈತಿ!"

"ಅದು ಗುಂಡಿ ಅಲ್ಲಕ್ಕಾ, ಮೌತ್‌ಪೀಸಿನ ಮನಿ," ಎಂದ ಯಮನೂರಪ್ಪ. "ಪೀಸ್ ತಾನ ಹೋಗಿ ಅಲ್ಲಿ ಕುಂಡರತೈತಿ, ನಾ ಹುಡುಕೂದ ಬೇಕಿಲ್ಲ. ನಾದ ಆ ಹಲ್ಲಿನಗುಂಟ ತಲಿಯೊಳಗ ಏರತೈತಿ. ಕಿವಿಗಿಂತ ಮೊದ್ಲ ನನಗ ಹಲ್ಲಿಗೆ ಕೇಳಸತೈತಿ."

ವಾದ್ಯಗಾರರು ಹೀಗೆ ಏನಾದರೂ ಹೇಳುತ್ತಲೇ ಇರುತ್ತಾರೆ ಎಂದುಕೊಂಡಳು ಹುಲಿಗೆಮ್ಮ. ಆಮೇಲೆ ಹೆಪ್ಪಿನ ವಿಷಯ ತೆಗೆದಳು. ತಣ್ಣೀರು ಜುಮ್ಮೆನ್ನುವುದಿಲ್ಲ, ರೊಟ್ಟಿ ನೆನೆಸುವುದು ಬೇಡ, ಕಬ್ಬು ಸುಲಿಯಬಹುದು ಎಂದಳು. ಪ್ರಯೋಗಕ್ಕೆ ಸೇರಿದವರಲ್ಲಿ ಇಂಥ ಬಾಯಿ ಇನ್ನೊಂದಿಲ್ಲ, ಇದು ಸರಿಯಾದರೆ ಜಗತ್ತಿಗೇ ತೋರಿಸಬಹುದು ಎಂಬ ಆಸೆ ಇದ್ದದ್ದನ್ನು ಮಾತ್ರ ಹೇಳಲಿಲ್ಲ.

"ಹಾಕಿಸ್ಕೋರಿ ಅತ್ಲಾಗ," ಎಂದಳು ನೀಲವ್ವ ಒಲೆಯ ಮುಂದಿನಿಂದ. "ಫೋಟೋದಾಗ ಯಾವತ್ತೂ ಬಾಯಿ ಮುಚ್ಕೊಂಡ ನಿಂದರ್ತೀರಿ."

ಯಮನೂರಪ್ಪ ಯೋಚಿಸಿದ. "ನುಡಸಾಕ ಏನೂ ತೊಂದ್ರಿ ಆಗೂದಿಲ್ಲಲ್ಲ ಅಕ್ಕಾ?"

"ಆಗೂದಿಲ್ಲ ಬಿಡು. ಹೊಂದ್ಕೋತೈತಿ."

ಮುಂದೆ ಎಷ್ಟೋ ವರ್ಷ ಅವಳು ಆ ಉತ್ತರವನ್ನು ನೆನೆದು ನೋಡಿದ್ದಾಳೆ. ಹೇಳುವ ಮುಂಚೆ ತಾನು ಒಂದು ಕ್ಷಣವಾದರೂ ತಡೆದಿದ್ದೆನೇ ಎಂದು. ತಡೆದ ನೆನಪು ಅವಳಿಗೆ ಬರಲಿಲ್ಲ.

ಹೆಪ್ಪು ಯಮನೂರಪ್ಪನ ಬಾಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹತ್ತಿತು. ದೀಪಾವಳಿ ಹೊತ್ತಿಗೆ ದವಡೆಹಲ್ಲುಗಳ ಶಿಖರಗಳೆಲ್ಲ ಎದ್ದು ನಿಂತಿದ್ದವು. ಮುಂದಿನ ಹಲ್ಲುಗಳ ಅರ್ಧಚಂದ್ರ ತುಂಬಿ ತುದಿ ನೆಟ್ಟಗಾಗಿತ್ತು. ಕಿವಿಯ ಮುಂದೆ ದವಡೆಯ ಕೀಲು ನೋಯುತ್ತದೆ ಎಂದ; ಬಿಸಿನೀರಿನ ಬಟ್ಟೆ ಇಡು, ಹೋಗುತ್ತದೆ ಎಂದಳು ಅಕ್ಕ. ನೀಲವ್ವ ಗಂಡನ ಮುಂದೆ ಕಬ್ಬಿನ ಜಲ್ಲೆ ಹಿಡಿದು, ಅವನು ಸಿಪ್ಪೆ ಹರಿಯುವುದನ್ನು ನೋಡಿ, ಹೊಸ ಮದುವಣಗಿತ್ತಿಯಂತೆ ನಕ್ಕಳು. ಹಳೆಯ ಬಾಯಿ, ಹೊಸ ಬಾಯಿ ಎರಡರ ಚಿತ್ರವನ್ನೂ ಹುಲಿಗೆಮ್ಮ ದಿಲ್ಲಿಯ ಸಮ್ಮೇಳನದಲ್ಲಿ ತೋರಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಒಂದು ಮಧ್ಯಾಹ್ನ ನೀಲವ್ವನ ಫೋನು ಬಂತು. "ಅಕ್ಕಾರ, ಇವ್ರು ಮೆರವಣಿಗಿ ಅರ್ಧಕ್ಕ ಬಿಟ್ಟು ಮನೀಗ ಬಂದು ಕುಂತಾರ್ರಿ. ಮಾತಾಡವಲ್ರು."

ಮರುದಿನ ಯಮನೂರಪ್ಪ ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದು ಪ್ರಯೋಗಾಲಯಕ್ಕೇ ಬಂದ. ಸೂಕ್ಷ್ಮದರ್ಶಕಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತು ವಾದ್ಯ ಜೋಡಿಸಿ ನುಡಿಸಿದ. ನದಾಫ್ ಕೈಕಟ್ಟಿ ನಿಂತು ಕೇಳಿದ. ಮೂರು ನಾಲ್ಕು ಸಾಲು ಆಗುವಷ್ಟರಲ್ಲಿ ಯಮನೂರಪ್ಪನ ಗದ್ದ ನಡುಗತೊಡಗಿ, ಸ್ವರ ಕೀಚಲಾಗಿ ಒಡೆಯಿತು. ವಾದ್ಯ ಇಳಿಸಿದ.

"ಕೇಳಿದಿ?"

ಹುಲಿಗೆಮ್ಮ ತಲೆಯಾಡಿಸಿದಳು. ಕಡೆಯಲ್ಲಿ ಒಡೆದದ್ದು ಬಿಟ್ಟರೆ ಅವಳ ಕಿವಿಗೆ ಅದು ಕ್ಲಾರಿನೆಟ್ ಹೇಗಿರಬೇಕೋ ಹಾಗೆಯೇ ಇತ್ತು. ಕೆಟ್ಟದ್ದು ಏನು ಎಂದು ತಿಳಿಯಲು ಮೊದಲು ಹೇಗಿತ್ತು ಎಂದು ಗೊತ್ತಿರಬೇಕಲ್ಲ.

"ಇದು ನಂದಲ್ಲ," ಎಂದ ಯಮನೂರಪ್ಪ.

ಅವಳು ಅವನನ್ನು ಕುರ್ಚಿಗೆ ಒರಗಿಸಿ, ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿದಳು. ಎಲ್ಲಿ ಎತ್ತರವಾಗಿದೆಯೋ ಅಲ್ಲಿ ಕಾಗದದ ನೀಲಿ ಹತ್ತುತ್ತದೆ. ಹಿಂದಿನ ಹಲ್ಲುಗಳನ್ನು ಉಜ್ಜಿ ಇಳಿಸಿದಳು. ಪ್ರಯೋಗಕ್ಕೆ ಮುಂಚೆ ತೆಗೆದಿದ್ದ ಅಳತೆ ನೋಡಿಕೊಂಡು ಮುಂದಿನ ಹಲ್ಲುಗಳಲ್ಲಿ ಮತ್ತೆ ಅರ್ಧಚಂದ್ರ ಕೊರೆದಳು. ಅಂದು ನುಡಿಸಿದಾಗ ಯಮನೂರಪ್ಪನ ಮುಖ ಅರಳಿತು. "ಬಂತು, ಅಕ್ಕಾ, ಬಂತು!" ಎಂದ. ಬಂದದ್ದು ಏನೆಂದು ಅವಳ ಕಿವಿಗೆ ತಿಳಿಯಲಿಲ್ಲ. ಅಕ್ಕತಮ್ಮ ಇಬ್ಬರೂ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿದರು.

ಎರಡು ವಾರ ಕಳೆಯುವಷ್ಟರಲ್ಲಿ ಹೆಪ್ಪು ಅದನ್ನೆಲ್ಲ ಮತ್ತೆ ತುಂಬಿತ್ತು.

ಮತ್ತೆ ಕೊರೆದಳು, ಮತ್ತೆ ತುಂಬಿತು. ಕೊರೆದ ಮರುದಿನದಿಂದಲೇ ಒಂದೊಂದು ಕೂದಲೆಳೆಯಷ್ಟು ಏರುತ್ತ ಹೋಗುತ್ತಿತ್ತು. ಹೆಪ್ಪನ್ನು ಕೊಲ್ಲಲು ಯಾವ ಔಷಧಿಯೂ ಇರಲಿಲ್ಲ. ಹಲ್ಲುಜ್ಜಿದರೂ, ಜ್ವರದ ಮಾತ್ರೆ ನುಂಗಿದರೂ, ಎಲೆ ಅಡಿಕೆ ಹಾಕಿದರೂ ಸಾಯಬಾರದೆಂದು ಅವಳೇ ಅದನ್ನು ಹಾಗೆ ಬೆಳೆಸಿದ್ದಳು.

"ಹೊಸಾ ಹಲ್ಲಿನ ಮ್ಯಾಲ ಹೊಸದಾಗಿ ಕಲ್ಕೋ ತಮ್ಮಾ," ಎಂದಳು ಒಂದು ದಿನ ಸೋತು. "ಎಷ್ಟು ಮಂದಿ ಹಲ್ಲು ಕಟ್ಟಿಸ್ಕೊಂಡು ನುಡಸೂದಿಲ್ಲ?"

"ಬರೇ ಬ್ಯಾರೆ ಹಲ್ಲಾಗಿದ್ರ ಕಲೀತಿದ್ದೆ. ನಾ ಎಷ್ಟ ನುಡಿಸಿದ್ರೂ ಪೀಸಿಗೆ ಅದು ಜಾಗಾ ಕೊಡವಲ್ದು. ರಾತ್ರಿ ಹಗಲ ಆಗೂದ್ರಾಗ ಮತ್ತ ಅಪರಿಚಿತ ಆಗಿ ಬಿಡತೈತಿ. ಯಾವುದನ್ನ ಅಂತ ಕಲೀಲಿ?" ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು, "ಕಿತ್ತ ಹಾಕು ಮುಂದಿನವ್ನ," ಎಂದ.

"ಕಿತ್ತು ಕಟ್ಟಿಸಿದ ಹಲ್ಲಿನಾಗ ನಾದ ಏರೂದಿಲ್ಲೋ," ಎಂದಳು ಅವಳು. ಆ ಮಾತು ಅವನದೇ ಎಂದು ಹೇಳಿದ ಮೇಲೆ ಅರಿವಾಯಿತು.

ಯಮನೂರಪ್ಪ ಪೆಟ್ಟಿಗೆ ಮುಚ್ಚಿದ.

ಆ ಹೊತ್ತಿಗೆ ಹೆಪ್ಪು ಸಂಶೋಧನಾಲಯದ ಕೈ ದಾಟಿ ಹೋಗಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಲು ನಿಲ್ಲಿಸಿ ಹನಿ ಹಾಕುತ್ತಿದ್ದರು. ತೊಂಬತ್ತರ ಅಜ್ಜಂದಿರು ಕರದಂಟು ಕಡಿಯುತ್ತ ಮೊಮ್ಮಕ್ಕಳಿಗೆ ಪಂಥ ಹಾಕಿದರು. ಹಲ್ಲಿನ ಸೆಟ್ಟು ಮಾಡುತ್ತಿದ್ದವರು ಅಂಗಡಿ ಮುಚ್ಚಿ ಕನ್ನಡಕದ ವ್ಯಾಪಾರಕ್ಕಿಳಿದರು. ನಡುವೆ ಕೆಲವರು, ಹೆಚ್ಚಿನವರು ವಯಸ್ಸಾದವರು, ಕಿವಿಯ ಮುಂದೆ ನೋವು, ಬೆಳಗ್ಗೆ ತಲೆ ಭಾರ, ಬಾಯಿ ತುಂಬಿದಂತಾಗುತ್ತದೆ, ನಿದ್ದೆಯಿಲ್ಲ ಎಂದು ಆಸ್ಪತ್ರೆಗೆ ತಿರುಗುತ್ತಿದ್ದರು. ದಾರ ಕಚ್ಚಿ ಕಚ್ಚಿ ಹಲ್ಲಿನಲ್ಲಿ ಕಚ್ಚು ಬಿದ್ದಿದ್ದ ದರ್ಜಿಯೊಬ್ಬಳು ಈಗ ದಾರ ಜಾರುತ್ತದೆ ಎಂದು ದೂರಿದಳು. ಎಲ್ಲರಿಗೂ ಕೊಡುತ್ತಿದ್ದುದು ಒಂದೇ ಉತ್ತರ, ಆಸ್ಪತ್ರೆಯ ಗೋಡೆಯ ಮೇಲೂ ಅಚ್ಚು ಹಾಕಿಸಿದ್ದರು: 'ಗಾಬರಿ ಬೇಡ, ದವಡೆ ಹೊಂದಿಕೊಳ್ಳುತ್ತದೆ.' ಅದು ಹುಲಿಗೆಮ್ಮನ ಪ್ರಬಂಧದಿಂದಲೇ ತೆಗೆದ ಸಾಲು.

ಗದಗಿನವರು ತಮ್ಮ ಊರ ಮಗಳಿಗೆ ಸನ್ಮಾನ ಇಟ್ಟುಕೊಂಡರು. ತೆರೆದ ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ತೆಗೆದರು. ಮುಂದೆ ಭಜಂತ್ರಿ ಬ್ಯಾಂಡು. ಮೊದಲ ಸಾಲಿನಲ್ಲಿ ಲಕ್ಷ್ಮೇಶ್ವರದಿಂದ ಕರೆಸಿದ ಬೇರೆ ಯಾರೋ ಕ್ಲಾರಿನೆಟ್ ನುಡಿಸುತ್ತಿದ್ದರು. ಯಮನೂರಪ್ಪ ಕಡೆಯ ಸಾಲಿನಲ್ಲಿ, ಎದೆಗೆ ದೊಡ್ಡ ಡ್ರಮ್ಮು ಕಟ್ಟಿಕೊಂಡು, ಜೀಪಿಗೆ ತೀರ ಹತ್ತಿರ ನಡೆಯುತ್ತಿದ್ದ. ಒಮ್ಮೆ ತಿರುಗಿ ಅಕ್ಕನನ್ನು ನೋಡಿ ಬಾಯ್ತುಂಬ ನಕ್ಕ. ಜನರೆಲ್ಲ ನೋಡುವಂಥ ಹಲ್ಲುಗಳು. ಹುಲಿಗೆಮ್ಮ ಕೊರಳ ಹಾರ ಸರಿಮಾಡಿಕೊಳ್ಳುವವಳಂತೆ ತಲೆ ತಗ್ಗಿಸಿದಳು.

ಹೆಪ್ಪನ್ನು ನಿಲ್ಲಿಸುವ ಔಷಧಿ ಹುಡುಕುತ್ತೇನೆ ಎಂದಾಗ ಸಂಶೋಧನಾಲಯದವರಿಗೆ ನಗು ಬಂತು. ಗೆದ್ದ ಮೇಲೆ ಸೋಲುವುದಕ್ಕೆ ಯಾರಾದರೂ ದಾರಿ ಹುಡುಕುತ್ತಾರೆಯೇ? ನದಾಫ್ ಮಾತ್ರ ನಗಲಿಲ್ಲ. ತನ್ನ ಹಳೆಯ ಮಾತನ್ನು ಅವನು ಒಮ್ಮೆಯೂ ನೆನಪಿಸಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಸುಮ್ಮನೆ ಬಂದು ಅವಳ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ. ಜೀವಿಗಳು ಹಲ್ಲಿನ ಗೆರೆ ಓದುವುದನ್ನು ಮರೆಯುವಂತೆ ಮಾಡಬೇಕಿತ್ತು. ಓದಲು ಕಲಿಸಿದ್ದಕ್ಕಿಂತ ಮರೆಸುವುದು ಕಷ್ಟವಾಯಿತು. ಹುಲಿಗೆಮ್ಮ ನಿವೃತ್ತಳಾದಳು, ಕೂದಲು ಬೆಳ್ಳಗಾಯಿತು, ನದಾಫನೇ ವಿಭಾಗದ ಮುಖ್ಯಸ್ಥನಾದ. ಅವಳು ಮಾತ್ರ ದಿನಾ ಬಸ್ಸು ಹತ್ತಿ ಬರುತ್ತಲೇ ಇದ್ದಳು.

ಕಡೆಗೊಂದು ದಿನ ಔಷಧಿ ಕೈಗೆ ಬಂತು. ಬಾಯಿ ಮುಕ್ಕಳಿಸುವ ಒಂದು ದ್ರವ. ಹೊಸದಾಗಿ ಹೆಪ್ಪು ಹಾಕಿಸಿಕೊಂಡು ನೋವು ತಿನ್ನುತ್ತಿದ್ದ ಕೆಲವರಿಗೆ ಕೊಟ್ಟು ನೋಡಿದರು. ಹೆಪ್ಪು ನಿಂತಿತು. ಎತ್ತರವಾದದ್ದನ್ನು ಉಜ್ಜಿ ಇಳಿಸಿದರೆ ಇಳಿಸಿದಂತೆಯೇ ಉಳಿಯಿತು. ಆಸ್ಪತ್ರೆಯ ಗೋಡೆಯ ಮೇಲಿನ ಸಾಲನ್ನು ನದಾಫ್ ಅಳಿಸಿ, ಬಹಳ ವರ್ಷದ ಸವೆತ ಇದ್ದವರು ಹೆಪ್ಪು ಹಾಕಿಸಿಕೊಳ್ಳಬಾರದು ಎಂದು ಬರೆಸಿದ.

ಹುಲಿಗೆಮ್ಮ ಒಂದು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಬೆಟಗೇರಿಗೆ ಹೋದಳು.

ಯಮನೂರಪ್ಪ ಪಡಸಾಲೆಯಲ್ಲಿ ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ. ಅವನಿಗೂ ಅರವತ್ತರ ಹತ್ತಿರ. ಅವಳು ಕೂರುವ ಮೊದಲೇ ಎಲ್ಲ ಹೇಳಿದಳು. ಬಾಟಲಿ ತೆಗೆದು ತೋರಿಸಿದಳು. "ನಿನ್ನ ಹಳೀ ಹಲ್ಲಿನ ಅಳತಿ ನನ್ನ ಕಡೆ ಐತಿ. ಅದ ಎತ್ತರಕ್ಕ ಇಳಸ್ತೀನಿ, ಅದ ಜಾಗಾ ಕೊರೀತೀನಿ. ಈ ಸಲ ತುಂಬೂದಿಲ್ಲ ತಮ್ಮಾ."

ಅವನು ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೆಲ್ಲಗೆ ಅವಳ ಕೈಯಲ್ಲಿ ವಾಪಸಿಟ್ಟ.

"ಬ್ಯಾಡಕ್ಕಾ."

"ಯಾಕ?"

"ತುಟಿ ಸಡ್ಲ ಆಗ್ಯಾವ. ಬೆರಳು ಮರ್ತಾವ. ಈ ದವಡಿ ನನ್ನ ಎಷ್ಟು ದಿನ ನೋಯಿಸಿ ಈ ಎತ್ತರಕ್ಕ ಕುಂತೈತಿ ನಿನಗ ಗೊತ್ತಿಲ್ಲ, ನಾ ಹೇಳ್ಲೂ ಇಲ್ಲ. ಈಗ ಉಣ್ತೀನಿ, ಮಲಗ್ತೀನಿ, ನೋವಿಲ್ಲ. ಮತ್ತ ಕೆಡವಿದ್ರ ಮತ್ತ ಮೊದ್ಲಿಂದ ಶುರು ಆಗತೈತಿ."

"ಸ್ವಲ್ಪ ದಿನ ಅಷ್ಟ ಅಲ್ಲೇನೋ. ಆಮ್ಯಾಲ ತಾನ ಹೊಂದ್ಕೋ..."

ಯಮನೂರಪ್ಪ ಅವಳನ್ನು ನೋಡಲಿಲ್ಲ. ಡ್ರಮ್ಮಿನ ಹಗ್ಗಕ್ಕೆ ಗಂಟು ಹಾಕುತ್ತ ಕೂತ. ಒಳಗೆ ನೀಲವ್ವ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹುಲಿಗೆಮ್ಮ ಬಾಟಲಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಸುತ್ತಲು ಬಹಳ ಹೊತ್ತು ಹಿಡಿಯಿತು.

"ಹೆಪ್ಪು ಹಾಕೂಕಿಂತ ಮೊದ್ಲ ನೀ ನುಡಿಸಿದ್ದು ನಾ ಒಮ್ಮೆನೂ ಕುಂತು ಕೇಳ್ಲಿಲ್ಲೋ," ಎಂದಳು.

"ನಿನ್ನ ಲಗ್ನದಾಗ ನುಡಸಬೇಕಂತ ಒಂದು ಹೊಸಾ ರಾಗದ ಚಾಲಿ ಕೂಡ್ಸಿದ್ದೆ," ಎಂದ ಯಮನೂರಪ್ಪ, ಯಾವ ಕಹಿಯೂ ಇಲ್ಲದೆ. "ನೀ ಬ್ಯಾಡಂದಿ. ಡಾಕ್ಟರು ಮಂದಿ ಬರ್ತಾರ, ನೀ ಬೀಗರಂಗ ಕುರ್ಚಿ ಮ್ಯಾಲ ಕುಂಡ್ರು ಅಂದಿ."

"ಆ ಚಾಲಿ ಯಾರ ಮುಂದರ ನುಡಿಸಿದಿ?"

"ನುಡಿಸಿದ್ನಲ್ಲ, ಎಷ್ಟೋ ಲಗ್ನದಾಗ."

ರೊಟ್ಟಿ ಹಿಟ್ಟಿನ ಕೈಯಲ್ಲೇ ನೀಲವ್ವ ಹೊರಗೆ ಬಂದಳು. ಅವಳ ತವರಿನ ಕಡೆಯ ಒಂದು ಮದುವೆಯ ವಿಡಿಯೊ ಮೊಬೈಲಿನಲ್ಲಿತ್ತು. ಹೆಪ್ಪು ಬರುವ ಮುಂಚಿನದು. ಮೂವರೂ ಬಗ್ಗಿ ನೋಡಿದರು. ವಿಡಿಯೊ ತೆಗೆದವನಿಗೆ ಬ್ಯಾಂಡಿನ ಮೇಲೆ ಕಣ್ಣಿರಲಿಲ್ಲ. ಮದುಮಗಳ ಕಾಲುಂಗುರ, ಯಾರದೋ ಸೋದರಮಾವನ ಹೊಸ ಪೇಟ, ಬುಂದಿ ಬಡಿಸುವ ಕೈ. ಒಮ್ಮೆ ಮಾತ್ರ ಪರದೆಯ ಅಂಚಿನಲ್ಲಿ ಕೆಂಪು ಕೋಟಿನ ತೋಳೊಂದು ಹಾದುಹೋಯಿತು.

"ಈಗ ಬರತೈತಿ," ಎಂದ ಯಮನೂರಪ್ಪ. "ಇಲ್ಲಿ... ಇಲ್ಲಿ ಕೇಳು."

ಅಷ್ಟರಲ್ಲಿ ಒಂದು ಜೀಪಿನ ಹಾರ್ನು ಎಲ್ಲವನ್ನೂ ನುಂಗಿತು.

"ಮತ್ತೊಮ್ಮೆ ಹಚ್ಚು," ಎಂದಳು ಹುಲಿಗೆಮ್ಮ.

ನೀಲವ್ವ ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದಳು. ಹುಲಿಗೆಮ್ಮ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಯಾರೋ ಊಟಕ್ಕೆ ಏಳ್ರೀ ಎಂದು ಕೂಗುತ್ತಿದ್ದರು, ಮಗುವೊಂದು ಅಳುತ್ತಿತ್ತು. ಹಾರ್ನು ಬರುವ ಮುಂಚೆ, ಆ ಕೂಗು ಆ ಅಳುವಿನ ಹಿಂದೆ, ಒಂದು ಉಸಿರು ಎಳೆಯುವಷ್ಟು ಹೊತ್ತು ಕ್ಲಾರಿನೆಟ್ ಇತ್ತು. ಅಂದು ಪ್ರಯೋಗಾಲಯದಲ್ಲಿ 'ಇದು ನಂದಲ್ಲ' ಎಂದು ತಮ್ಮ ಅಂದಾಗ ತನಗೆ ಗೊತ್ತಾಗದೆ ಹೋದ ವ್ಯತ್ಯಾಸ ಅವಳಿಗೆ ಈಗ ಕೇಳಿಸಿತು.